ಎಂಜಿನಿಯರಿಂಗ್ ಸೇರುವ ಮುನ್ನ ಯಾವ ಗಣಿತ ಓದಬೇಕು: ಪುಟ್ಟಿಗೆ ಅತ್ತೆಯ ಉತ್ತರ

ಪುಟ್ಟಿ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಕೆಲಸದ ಗಡಿಬಿಡಿಯಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಇದಲ್ಲವೆಂದು ಸಂಜೆಯವರೆಗೆ ಕಾದೆ. ಉತ್ತರ ಉದ್ದವಾಗುತ್ತದೆ, ಬಿಡುವಾದಾಗ ಕೂತು ಕೇಳು. ಎಂಜಿನಿಯರಿಂಗ್ ತರಗತಿಗಳು ಶುರುವಾಗಲು ಇನ್ನೂ ಎರಡೂವರೆ ತಿಂಗಳಿದೆ, ಅಷ್ಟರೊಳಗೆ ವೆಕ್ಟರ್ ಕ್ಯಾಲ್ಕುಲಸ್, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಫೂರಿಯೆ ಸರಣಿ ಇವನ್ನೆಲ್ಲ ನಾನೇ ಓದಿಕೊಂಡು ಹೋಗಲೇ ಎಂದು ನೀನು ಕೇಳಿದ್ದೀಯ. ಮೊದಲ ವರ್ಷದ ಗಣಿತವನ್ನು ಈಗಲೇ ಮುಗಿಸಿಬಿಟ್ಟರೆ ಆಮೇಲೆ ಆರಾಮ ಎಂದು ನಿನ್ನ ದೊಡ್ಡಪ್ಪನ ಮಗ ಹೇಳಿದ್ದಾನೆ. ವರ್ಷವಿಡೀ ಪರೀಕ್ಷೆಗೆಂದು ಓದಿದ ಮಗು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಅತ್ತಿಗೆ ಬರೆದಿದ್ದಾರೆ. ಅತ್ತಿಗೆ, ಮೊದಲ ಎರಡು ವಾರ ನಿಮ್ಮ ಮಾತೇ ನಡೆಯಲಿ, ಅವಳು ಪುಸ್ತಕ ಮುಟ್ಟುವುದು ಬೇಡ. ಆಮೇಲೆ, ಪುಟ್ಟಿ, ನೀನು ಗಣಿತ ಓದಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ನೀನು ಪಟ್ಟಿ ಮಾಡಿಕೊಂಡಿರುವ ಗಣಿತವನ್ನಲ್ಲ. ಶಾಲೆಯಲ್ಲಿ ಈಗಾಗಲೇ ಕಲಿತದ್ದು ಯೋಚಿಸದೆಯೇ ಕೈಗೆ ಬರುವಷ್ಟು ಪಳಗಬೇಕು, ಹೊಸದರಲ್ಲಿ ಒಂದೇ ಒಂದು ವಿಷಯವನ್ನು ನಿಧಾನವಾಗಿ ಹಿಡಿಯಬೇಕು.

ನಾನು ಇದೇ ತಪ್ಪು ಮಾಡಿದವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೋರ್ಸಿಗೆ ಸೇರುವ ಮೊದಲು ಎರಡು ತಿಂಗಳು ಫೂರಿಯೆ ಸರಣಿಯನ್ನು, ಅಂದರೆ ಮರುಕಳಿಸುವ ಫಲನವನ್ನು ಸೈನ್ ಕೊಸೈನ್‌ಗಳ ಮೊತ್ತವಾಗಿ ಬರೆಯುವ ವಿಧಾನವನ್ನು, ನಾನಾಗಿಯೇ ಓದಿ, ಎರಡು ನೋಟ್‌ಬುಕ್ ತುಂಬ ಸೂತ್ರಗಳನ್ನು ಬರೆದುಕೊಂಡಿದ್ದೆ. ಮೊದಲ ಸೆಮಿಸ್ಟರಿನ ಮೊದಲ ಕಿರುಪರೀಕ್ಷೆಯಲ್ಲಿ ಒಂದು ಸಾಧಾರಣ ಇಂಟಿಗ್ರೇಷನ್ ಲೆಕ್ಕ ಬಂತು: ಎಕ್ಸ್ ಮತ್ತು ಎಕ್ಸ್ ಪ್ಲಸ್ 2, ಈ ಎರಡರ ಗುಣಲಬ್ಧ ಛೇದದಲ್ಲಿದೆ, ಅಂಶದಲ್ಲಿ 1 ಇದೆ. ಅದನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆಯಬೇಕು. ನಾನು ಎರಡು ಭಿನ್ನರಾಶಿಗಳನ್ನು ಸುಮ್ಮನೆ ಕೂಡಿಸಿ ಬರೆದೆ. ಸರಿಯಾದ ಉತ್ತರದಲ್ಲಿ ಮೊದಲನೆಯದರಿಂದ ಎರಡನೆಯದನ್ನು ಕಳೆದು, ಇಡಿಯದನ್ನು ಅರ್ಧ ಮಾಡಬೇಕಿತ್ತು. ಎಕ್ಸ್ ಜಾಗದಲ್ಲಿ 1 ಹಾಕಿ ನೋಡಿದ್ದರೆ ಅಲ್ಲಿಯೇ ತಿಳಿಯುತ್ತಿತ್ತು: ಮೂಲ ರಾಶಿ ಮೂರನೇ ಒಂದು, ನಾನು ಬರೆದದ್ದು ಒಂದೂ ಮೂರನೇ ಒಂದು. ಹಾಗೆ ನೋಡುವ ಅಭ್ಯಾಸವೇ ನನಗಿರಲಿಲ್ಲ. ಇನ್ನು ಫೂರಿಯೆ ಸರಣಿ ತರಗತಿಯಲ್ಲಿ ಬಂದದ್ದು ಮೂರನೇ ಸೆಮಿಸ್ಟರಿನಲ್ಲಿ. ಅಷ್ಟರಲ್ಲಿ ನನಗೆ ಓದಿದ ನೆನಪು ಉಳಿದಿತ್ತೇ ಹೊರತು ಓದಿದ್ದು ಉಳಿದಿರಲಿಲ್ಲ. ಇದೆಲ್ಲ ಗೊತ್ತಿದೆ ಎಂಬ ಭಾವನೆಯಿಂದ ಆ ಪಾಠಗಳಿಗೆ ಸರಿಯಾಗಿ ಕಿವಿಗೊಡಲೂ ಇಲ್ಲ. ಅರೆಬರೆ ಓದಿನಿಂದಾಗುವ ದೊಡ್ಡ ನಷ್ಟ ಇದೇ, ಮಗಳೇ. ಗೊತ್ತಿಲ್ಲದವರು ಕೇಳಿ ತಿಳಿದುಕೊಳ್ಳುತ್ತಾರೆ, ಗೊತ್ತಿದೆ ಎಂದುಕೊಂಡವರು ಕೇಳುವುದೇ ಇಲ್ಲ.

ಇಷ್ಟು ವರ್ಷ ಸ್ಟ್ರಕ್ಚರಲ್ ಡಿಸೈನ್ ಕೆಲಸ ಮಾಡುತ್ತಾ, ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಲೆಕ್ಕದ ಹಾಳೆಗಳನ್ನು ತಿದ್ದುತ್ತಾ ಬಂದಿದ್ದೇನೆ. ಅವರು ಎಡವುವುದು ಹೆಚ್ಚಾಗಿ ಬೀಜಗಣಿತದಲ್ಲಿ, ತ್ರಿಕೋನಮಿತಿಯಲ್ಲಿ, ಲಾಗರಿದಮ್‌ನಲ್ಲಿ, ಮಾನಗಳಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ಸೈನ್‌ನ ಅವಕಲನ ಕೊಸೈನ್ ಎಂದು ನಿನಗೆ ಬಾಯಿಪಾಠವಾಗಿದೆ. ಅದು ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ ನಿಜ ಎಂಬುದು ಎಷ್ಟು ಜನರಿಗೆ ನೆನಪಿರುತ್ತದೆ? ಈಗಲೇ ಕ್ಯಾಲ್ಕುಲೇಟರ್ ತೆಗೆದುಕೋ. ರೇಡಿಯನ್ ಮೋಡ್‌ನಲ್ಲಿ 0.1ರ ಸೈನ್ ಕಂಡುಹಿಡಿದು ಅದನ್ನು 0.1ರಿಂದ ಭಾಗಿಸು: 0.998 ಬರುತ್ತದೆ, ಅಂದರೆ ಹೆಚ್ಚುಕಡಿಮೆ 1, ಸೊನ್ನೆಯ ಕೊಸೈನ್ ಎಷ್ಟೋ ಅಷ್ಟು. ಅದನ್ನೇ ಡಿಗ್ರಿ ಮೋಡ್‌ನಲ್ಲಿ ಮಾಡು: 0.01745 ಬರುತ್ತದೆ. ಈ ಸಂಖ್ಯೆ ಬೇರೇನಲ್ಲ, ಪೈಯನ್ನು 180ರಿಂದ ಭಾಗಿಸಿದ್ದು. ರೇಡಿಯನ್ ಏಕೆ ಬೇಕು ಎಂಬುದಕ್ಕೆ ಈ ಒಂದು ನಿಮಿಷದ ಕೆಲಸದಲ್ಲಿ ಉತ್ತರವಿದೆ. ನಿನ್ನ ಎರಡೂವರೆ ತಿಂಗಳಿನ ಹೆಚ್ಚು ಭಾಗ ಇಂಥ ಕೆಲಸಕ್ಕೆ ಹೋಗಲಿ ಎಂದು ನಾನು ಬಯಸುತ್ತೇನೆ: ಗೊತ್ತಿರುವ ಪ್ರತಿಯೊಂದು ಸೂತ್ರವನ್ನೂ ಒಂದು ಸಂಖ್ಯೆ ಹಾಕಿ ಪರೀಕ್ಷಿಸುವುದು, ಒಂದು ಗ್ರಾಫ್ ಬಿಡಿಸಿ ನೋಡುವುದು, ಎಲ್ಲಿ ನಡೆಯುತ್ತದೆ ಎಲ್ಲಿ ಮುರಿಯುತ್ತದೆ ಎಂದು ತಿಳಿಯುವುದು.

ಕ್ಯಾಲ್ಕುಲಸ್‌ಗೂ ಇದೇ ಮಾತು. ಕಠಿಣವಾದ ಇಂಟಿಗ್ರಲ್‌ಗಳನ್ನು ನೂರಾರು ಬಿಡಿಸುವುದಕ್ಕಿಂತ, ಇಂಟಿಗ್ರಲ್ ಏನನ್ನು ಹೇಳುತ್ತಿದೆ ಎಂದು ಒಂದು ಬಾರಿ ಕಣ್ಣಾರೆ ನೋಡು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಬ್ರೇಕ್ ಹಾಕಿ, ಪ್ರತಿ ಸೆಕೆಂಡಿಗೆ 5 ಮೀಟರ್‌ನಂತೆ ವೇಗ ಕಳೆದುಕೊಂಡು 2 ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೋ. ವೇಗ ಮತ್ತು ಕಾಲದ ಗ್ರಾಫ್ ಬಿಡಿಸಿದರೆ ಒಂದು ತ್ರಿಕೋನ ಸಿಗುತ್ತದೆ; ಅದರ ವಿಸ್ತೀರ್ಣ, ಅಂದರೆ ವೇಗದ ಇಂಟಿಗ್ರಲ್, 10, ಕಾರು ಸಾಗಿದ ದೂರವೂ 10 ಮೀಟರ್. ವೇಗ ಸೆಕೆಂಡಿಗೆ 20 ಮೀಟರ್ ಆದರೆ ನಿಲ್ಲಲು 4 ಸೆಕೆಂಡು ಬೇಕು, ತ್ರಿಕೋನದ ಎತ್ತರವೂ ಎರಡರಷ್ಟು, ಅಗಲವೂ ಎರಡರಷ್ಟು, ಹಾಗಾಗಿ ದೂರ 40 ಮೀಟರ್. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಸೂತ್ರವಿಲ್ಲದೆ ಆ ಚಿತ್ರವೇ ಹೇಳುತ್ತದೆ.

ಇನ್ನು ಆ ಒಂದು ಹೊಸ ವಿಷಯ. ನಿನ್ನ ಪಟ್ಟಿಯನ್ನು ಬದಿಗಿಟ್ಟು ಮೊದಲ ದರ್ಜೆಯ ಸರಳ ಅವಕಲ ಸಮೀಕರಣಗಳನ್ನು, ಅಂದರೆ ಒಂದು ರಾಶಿಯನ್ನೂ ಅದು ಬದಲಾಗುವ ದರವನ್ನೂ ಜೋಡಿಸುವ ಸಮೀಕರಣಗಳನ್ನು, ತೆಗೆದುಕೋ ಎನ್ನುತ್ತೇನೆ, ಏಕೆಂದರೆ ಅದರಲ್ಲಿ ನೀನು ಕಲಿತ ಲಾಗರಿದಮ್, ಘಾತೀಯ ಫಲನ, ಅವಕಲನ, ಅನುಕಲನ ಎಲ್ಲವೂ ಒಂದೇ ಕಡೆ ಕೆಲಸಕ್ಕೆ ಬರುತ್ತವೆ. ಒಂದು ಲೋಟ ಬಿಸಿನೀರು, ಒಂದು ಥರ್ಮಾಮೀಟರ್, ಒಂದು ಗಡಿಯಾರ ಇದ್ದರೆ ಸಾಕು. ಬಿಸಿ ವಸ್ತು ತಣ್ಣಗಾಗುವ ದರವು ಅದರ ಉಷ್ಣತೆಗೂ ಸುತ್ತಲಿನ ಉಷ್ಣತೆಗೂ ಇರುವ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ನ್ಯೂಟನ್‌ನ ನಿಯಮ. ಕೋಣೆಯ ಉಷ್ಣತೆ 25 ಡಿಗ್ರಿ, ನೀರಿನದು 85 ಡಿಗ್ರಿ ಎಂದುಕೊಳ್ಳೋಣ. 20 ನಿಮಿಷದಲ್ಲಿ ನೀರು 55 ಡಿಗ್ರಿಗೆ ಇಳಿಯಿತು. 20 ನಿಮಿಷಕ್ಕೆ 30 ಡಿಗ್ರಿ ಇಳಿದಿದೆ, ಇನ್ನೊಂದು 20 ನಿಮಿಷಕ್ಕೆ ಮತ್ತೆ 30 ಇಳಿದು ಕೋಣೆಯಷ್ಟೇ ತಣ್ಣಗಾಗುತ್ತದೆ ಎಂದು ಮನಸ್ಸು ಹೇಳುತ್ತದೆ. ನಿಯಮದ ಪ್ರಕಾರ ಹಾಗಾಗದು. ವ್ಯತ್ಯಾಸ 60 ಇದ್ದದ್ದು 30 ಆಯಿತು, ಅರ್ಧವಾಯಿತು. ಮುಂದಿನ 20 ನಿಮಿಷದಲ್ಲಿ ಮತ್ತೆ ಅರ್ಧವಾಗಿ 15 ಆಗುತ್ತದೆ, ನೀರು 40 ಡಿಗ್ರಿಯಲ್ಲಿರುತ್ತದೆ. ಅದರ ಮುಂದಿನ 20 ನಿಮಿಷಕ್ಕೆ 32.5 ಡಿಗ್ರಿ.

ಈಗ ನೀನೇ ಅಳೆದ ವ್ಯತ್ಯಾಸಗಳ ಲಾಗರಿದಮ್ ತೆಗೆದು ಕಾಲದ ಎದುರು ಗ್ರಾಫ್ ಬಿಡಿಸು. ನಿಯಮ ಸರಿಯಿದ್ದರೆ ಚುಕ್ಕಿಗಳು ಒಂದು ಸರಳರೇಖೆಯ ಮೇಲೆ ಕೂರಬೇಕು. ಲೋಟವನ್ನು ತೆರೆದಿಟ್ಟು ಅಳೆದರೆ ಅವು ಸರಿಯಾಗಿ ಕೂರುವುದಿಲ್ಲ. ನೀರು ತುಂಬ ಬಿಸಿಯಾಗಿರುವಾಗ ಆವಿಯಾಗುವುದರಿಂದಲೂ ಶಾಖ ಹೋಗುತ್ತದೆ, ಆದ್ದರಿಂದ ಮೊದಮೊದಲಿಗೆ ರೇಖೆ ಹೆಚ್ಚು ಕಡಿದಾಗಿ ಇಳಿಯುತ್ತದೆ. ಮುಚ್ಚಳ ಹಾಕಿ ಇನ್ನೊಮ್ಮೆ ಅಳೆ, ವ್ಯತ್ಯಾಸ ನೋಡು. ಸಮೀಕರಣ ಬಿಡಿಸುವುದು ಗಣಿತ. ಅದು ಈ ಲೋಟಕ್ಕೆ ಎಷ್ಟು ಹೊಂದುತ್ತದೆ, ಏಕೆ ಹೊಂದುತ್ತಿಲ್ಲ ಎಂದು ಕೇಳುವುದು ಎಂಜಿನಿಯರ್‌ನ ಕೆಲಸ. ನೀನು ಓದಬೇಕೆಂದಿದ್ದ ಫೂರಿಯೆ ಸರಣಿಯೂ ಹೀಗೆಯೇ ಬೆಳೆದದ್ದು. ಘನವಸ್ತುಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡಿದ ಫ್ರೆಂಚ್ ಗಣಿತಜ್ಞ ಫೂರಿಯೆ 1822ರಲ್ಲಿ ಅದರ ಬಗ್ಗೆ ತನ್ನ ಗ್ರಂಥ ಪ್ರಕಟಿಸಿದ. ಲೋಟದ ನೀರನ್ನು ಅರ್ಥಮಾಡಿಕೊಂಡವಳಿಗೆ ಮುಂದೆ ಆ ಸರಣಿ ಪರಕೀಯವಾಗಿ ಕಾಣುವುದಿಲ್ಲ.

ಸಮಯ ಮಿಕ್ಕರೆ ಮ್ಯಾಟ್ರಿಕ್ಸ್ ಸ್ವಲ್ಪ ನೋಡು, ಹಲವು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಲು ಬರುವ ಸಂಖ್ಯೆಗಳ ಕೋಷ್ಟಕ ಅದು, ಅದೂ ಸಣ್ಣ ಲೆಕ್ಕಗಳ ಮೂಲಕ. ಎಕ್ಸ್ ಮತ್ತು ವೈ ಕೂಡಿದರೆ 2. ಎಕ್ಸ್ ಮತ್ತು ವೈಯ 1.001 ಪಟ್ಟು ಕೂಡಿದರೆ 2.001. ಉತ್ತರ ಎರಡೂ 1. ಈಗ ಆ 2.001ನ್ನು 2.002 ಮಾಡು: ವೈ 2 ಆಗುತ್ತದೆ, ಎಕ್ಸ್ ಸೊನ್ನೆಯಾಗುತ್ತದೆ. ಅಳತೆಯಲ್ಲಿ ಬರೀ 0.001ರಷ್ಟು ಆಚೀಚೆಯಾದದ್ದಕ್ಕೆ ಉತ್ತರವೇ ಬೇರೆಯಾಯಿತು. ಎರಡು ರೇಖೆಗಳನ್ನೂ ಬಿಡಿಸಿ ನೋಡಿದರೆ ಅವು ಬಹುಪಾಲು ಒಂದರ ಮೇಲೊಂದು ಮಲಗಿರುವುದು ಕಾಣುತ್ತದೆ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ನಾನು ಇಂದಿಗೂ ಕಣ್ಣುಮುಚ್ಚಿ ನಂಬದಿರಲು ಈ ಪುಟ್ಟ ಲೆಕ್ಕವೇ ಕಾರಣ.

ಸ್ವಂತವಾಗಿ ಓದಿ ದೊಡ್ಡವರಾದವರು ಇಲ್ಲವೇ ಎಂದು ನಿನ್ನ ಅಣ್ಣ ಕೇಳಬಹುದು. ಖಂಡಿತ ಇದ್ದಾರೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 16ನೇ ವಯಸ್ಸಿಗೆ ಶಾಲೆ ಬಿಟ್ಟು, ಆಮೇಲೆ ಟೆಲಿಗ್ರಾಫ್ ಕೆಲಸಕ್ಕೆ ಸೇರಿದವರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1873ರಲ್ಲಿ ವಿದ್ಯುತ್ ಮತ್ತು ಕಾಂತತ್ವದ ಬಗ್ಗೆ ಪ್ರಕಟಿಸಿದ ಗ್ರಂಥವನ್ನು ನೋಡಿದಾಗ ಅವರಲ್ಲಿದ್ದದ್ದು ಶಾಲೆಯ ಬೀಜಗಣಿತ ಮತ್ತು ತ್ರಿಕೋನಮಿತಿ ಮಾತ್ರ, ಅದೂ ಬಹುಪಾಲು ಮರೆತುಹೋಗಿತ್ತು. ಅದನ್ನು ಅರ್ಥಮಾಡಿಕೊಳ್ಳಲು ಅವರು ವರ್ಷಗಟ್ಟಲೆ ತೆಗೆದುಕೊಂಡರು. ಇಂದು ನಾವು ಮ್ಯಾಕ್ಸ್‌ವೆಲ್‌ನ ನಾಲ್ಕು ಸಮೀಕರಣಗಳೆಂದು ವೆಕ್ಟರ್ ರೂಪದಲ್ಲಿ ಓದುವುದಕ್ಕೆ ಅವರ ಆ ದುಡಿಮೆಯೇ ಮುಖ್ಯ ಕಾರಣ. ಅವರ ಮುಂದೆ ಟೆಲಿಗ್ರಾಫ್ ತಂತಿಯ ನಿಜವಾದ ಸಮಸ್ಯೆಗಳಿದ್ದವು, ಅವಸರವಿರಲಿಲ್ಲ. ಎರಡೂವರೆ ತಿಂಗಳಲ್ಲಿ ಎರಡು ವರ್ಷದ ಪಠ್ಯ ಮುಗಿಸಬೇಕೆನ್ನುವ ಓದಿಗೂ ಅವರ ಓದಿಗೂ ಹೋಲಿಕೆಯಿಲ್ಲ.

ಒಂದು ವಿನಾಯಿತಿ ಇದೆ. ಗಣಿತ ನಿನಗೆ ಅಂಕಕ್ಕಾಗಿ ಅಲ್ಲದೆ ಸುಮ್ಮನೆ ಖುಷಿ ಕೊಡುತ್ತಿದ್ದರೆ ಏನು ಬೇಕಾದರೂ ಓದು, ಯಾರ ಮಾತನ್ನೂ ಕೇಳಬೇಡ. ಶಾಲೆಯಲ್ಲಿ ಯಾವುದಾದರೂ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಿದ್ದರೆ ಅದನ್ನು ಮಾತ್ರ ತಪ್ಪದೆ ಈಗಲೇ ತುಂಬಿಕೊಳ್ಳಬೇಕು. ತರಗತಿಯಲ್ಲಿ ಅದಕ್ಕೆಂದು ಯಾರೂ ನಿಲ್ಲುವುದಿಲ್ಲ.

ದಿನಕ್ಕೆ ಒಂದು ಗಂಟೆ ಸಾಕು, ವಾರಕ್ಕೆ ಒಂದು ದಿನ ರಜೆ. ವಿಡಿಯೊ ನೋಡುವುದಾದರೆ ನೋಡು, ಆದರೆ ಅದು ಮುಗಿದ ಮೇಲೆ ಅದೇ ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಮೊದಲಿಂದ ಮಾಡು. ನೋಡುವಾಗ ಸಲೀಸಾಗಿ ಕಂಡದ್ದು ಮೂರನೇ ಸಾಲಿಗೇ ನಿಂತುಬಿಡುತ್ತದೆ, ನಿಂತ ಜಾಗವೇ ನೀನು ಕಲಿಯಬೇಕಾದ ಜಾಗ. ತಪ್ಪಿದ ಲೆಕ್ಕಕ್ಕೆ ಗುರುತು ಹಾಕಿ ಮೂರು ದಿನ ಬಿಟ್ಟು ಮತ್ತೆ ಮಾಡು. ಹಾಳೆಗಳನ್ನು ಎಸೆಯಬೇಡ.

ಅಣ್ಣ, ಅವಳಿಗೆ 100 ಡಿಗ್ರಿವರೆಗೆ ಅಳೆಯುವ ಥರ್ಮಾಮೀಟರ್ ಒಂದು ತಂದುಕೊಡು, ಜ್ವರ ನೋಡುವುದು ಇದಕ್ಕೆ ಆಗುವುದಿಲ್ಲ. ಪುಟ್ಟಿ, ಬಿಸಿನೀರು ಸುರಿಯುವಾಗ ಕೈ ಜೋಪಾನ. ಮುಚ್ಚಳ ಹಾಕಿದ್ದು, ಹಾಕದ್ದು, ಎರಡರ ಅಳತೆಗಳನ್ನೂ ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡು ಗ್ರಾಫ್ ಬಿಡಿಸಿ ನನಗೆ ಫೋಟೊ ಕಳುಹಿಸು, ಭಾನುವಾರ ಸಂಜೆ ಫೋನಿನಲ್ಲಿ ಕೂತು ಇಬ್ಬರೂ ನೋಡೋಣ.