ಶಾಲೆ ವಿಷಯ, ಎಲ್ಲರೂ ಓದಿ

ಲತಾ, 2ನೇ ಕ್ರಾಸ್ (ರಾತ್ರಿ 11:40): ನಾಲ್ಕನೇ ಕ್ಲಾಸಿನ ಮಗ 52ರಲ್ಲಿ 37 ಕಳೆಯೋಕಾಗದೆ ಅತ್ತು ಮಲಗಿದ. ಕನ್ನಡ ಪಾಠ ಕೊಟ್ಟರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ಕರೆಂಟ್ ಬೇರೆ ಇಲ್ಲ. ಮೊನ್ನೆ ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳೋ ಪೋಷಕರ ಸಮಿತಿ) ಸಭೆಗೆ ಎಷ್ಟು ಜನ ಬಂದಿದ್ರಿ? ನಾಲ್ಕೇ ಜನ! ಕಾಫಿ ಕುಡಿದು, ಸಹಿ ಹಾಕಿ ಎದ್ದರು.

ಮೂಲೆಮನೆ ಅಂಕಲ್: ಟೀಚರ್‌ಗಳನ್ನ ಕೇಳಮ್ಮ. ಸಂಬಳ ಅವರಿಗೆ ತಾನೇ?

ರಫೀಕ್: ಐದು ಕ್ಲಾಸಿಗೆ ಇಬ್ಬರು ಟೀಚರ್, ಅದರಲ್ಲೊಬ್ಬರು ಯಾವಾಗಲೂ ಸಮೀಕ್ಷೆ ಕೆಲಸದಲ್ಲಿ. ನಿಮ್ಮ ಮೊಮ್ಮಕ್ಕಳು ವ್ಯಾನ್ ಹತ್ತಿ ಕಾನ್ವೆಂಟ್‌ಗೆ ಹೋಗುತ್ತಾರೆ, ನಿಮಗೇನು ಗೊತ್ತು ಅಂಕಲ್?

ಮೂಲೆಮನೆ ಅಂಕಲ್: ನಾನು ಅದೇ ಶಾಲೆಯಲ್ಲಿ ಓದಿದವನು. ಆಗ ಮಳೆಯಲ್ಲಿ ನೆನೆದುಕೊಂಡೇ ಹೋಗುತ್ತಿದ್ದೆವು. ಈಗ ಎರಡು ಹನಿ ಬಿದ್ದರೆ ಡಿಸಿ ರಜೆ.

ರಫೀಕ್: ಮಕ್ಕಳ ಪರವಾಗಿ ಡಿಸಿಯವರಿಗೆ ಧನ್ಯವಾದ.

ಮೇಷ್ಟ್ರು: ಜಗಳ ಬಿಡಿ. ಎಸ್‌ಡಿಎಂಸಿ ನಮ್ಮಲ್ಲಿ 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಹೆಂಗಸರು. ಆದರೆ ಬರೀ ಸಭೆಯಿಂದ ಮಕ್ಕಳಿಗೆ ಓದು ಬರುವುದಿಲ್ಲ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಸಂಶೋಧಕರು, ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಜೊತೆ ಸೇರಿ ಇದನ್ನು ಮಾಡಿ ನೋಡಿದ್ದಾರೆ. ಊರವರನ್ನು ಕೂರಿಸಿ ಸಮಿತಿ ಬಗ್ಗೆ ತಿಳಿಸಿದರು, ಕಲಿಕೆ ಬದಲಾಗಲಿಲ್ಲ. ಊರಿನ ಹುಡುಗ ಹುಡುಗಿಯರೇ ಶಾಲೆ ಬಿಟ್ಟ ಮೇಲೆ ಓದಿಸಿದರು, ಬಂದ ಮಕ್ಕಳು ಓದು ಹಿಡಿದರು. ಬಂದವರು ಕಡಿಮೆ, ಅದೂ ನಿಜ. ನಾವೂ ಸಂಜೆ ಒಂದು ಗಂಟೆ ಸಮುದಾಯ ಭವನದಲ್ಲಿ ಓದಿಸೋಣವಾ?

ಮೂಲೆಮನೆ ಅಂಕಲ್: ಉತ್ತರ ಪ್ರದೇಶ ಇಲ್ಲಿ ಯಾಕೆ ಮೇಷ್ಟ್ರೇ? ಭವನದ ಕೀಲಿ ಯಾರ ಹತ್ತಿರ ಇದೆ? ಹುತ್ತರಿಗೆ ಕೊಂಡುಹೋದ ಕುರ್ಚಿಗಳು ಎಲ್ಲಿ?

ಅಂಗಡಿ ಗಣೇಶ್: ಕುರ್ಚಿ ನಾನು ವಾಪಸ್ ಕೊಟ್ಟಿದ್ದೇನೆ. ಸುಮ್ನೆ ಹೆಸರು ಕೆಡಿಸಬೇಡಿ.

ಶಾಂತಿ ಆಂಟಿ: (ಫಾರ್ವರ್ಡ್) ಬೆಳಿಗ್ಗೆ ಬಿಸಿನೀರಿಗೆ ಕಾಳುಮೆಣಸು ಹಾಕಿ ಕುಡಿದರೆ...

ಅಡ್ಮಿನ್: ಆಂಟಿ, ಫಾರ್ವರ್ಡ್ ಬೇಡ.

ದಿವ್ಯಾ: ವಾರಕ್ಕೆ ಎರಡು ದಿನ ನಾನು ಬರುತ್ತೇನೆ ಮೇಷ್ಟ್ರೇ. ತೋಟದ ಲೈನ್‌ಮನೆ ಮಕ್ಕಳನ್ನೂ ಕರೆಯೋಣ. ಅಸ್ಸಾಂನಿಂದ ಬಂದವರ ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಿವಿಗೇ ಬೀಳುವುದಿಲ್ಲ.

ಕಾವೇರಿ: ಕತ್ತಲಾದ ಮೇಲೆ ಯಾರು ಕಳಿಸುತ್ತಾರೆ? ತೋಟದ ಗೇಟ್ ಹತ್ತಿರ ಬೀದಿದೀಪ ಇಲ್ಲ. ಮೊನ್ನೆ ಒಂಟಿ ಸಲಗ ಅಲ್ಲೇ ನಿಂತಿತ್ತು.

ರಫೀಕ್: ಸಲಗವನ್ನೂ ಎಸ್‌ಡಿಎಂಸಿಗೆ ಸೇರಿಸಿ, ಕೋರಂ ಆಗುತ್ತದೆ.

ಮೂಲೆಮನೆ ಅಂಕಲ್: ನಾನು ಹೇಳಿದ್ದೂ ಅದೇ, ಮೊದಲು ದೀಪ. ಪಂಚಾಯಿತಿಗೆ ಅರ್ಜಿ ನಾನು ಬರೆಯುತ್ತೇನೆ. ಹೆಸರು ಕಳಿಸಿ.

ಅಡ್ಮಿನ್: ದೀಪಕ್ಕೆ 31 ಹೆಸರು ಬಂತು. ನಾಳೆ 10 ಗಂಟೆಗೆ ಪಂಚಾಯಿತಿ. ಜೀಪ್ ಯಾರದು?

ಲತಾ, 2ನೇ ಕ್ರಾಸ್: ಓದಿಸೋಕೆ ದಿವ್ಯಾ ಬಿಟ್ಟು ಯಾರೂ ಇಲ್ವಾ?

ಮೂಲೆಮನೆ ಅಂಕಲ್: ಜೀಪ್ ನನ್ನದೇ. ಡೀಸೆಲ್ ದುಡ್ಡು ಎಲ್ಲರೂ ಹಾಕಿ.

ಅಂಗಡಿ ಗಣೇಶ್: ಕುರ್ಚಿ ವಿಷಯ ಮೊದಲು ಕ್ಲಿಯರ್ ಆಗಲಿ, ಆಮೇಲೆ ಡೀಸೆಲ್.