ಒಂದು ಲಕ್ಷದೊಳಗೆ ಮೊದಲ ಗೇಮಿಂಗ್ ಲ್ಯಾಪ್‌ಟಾಪ್: ಬಳಸಿದವರು ಹೇಳಿ

ಹಾಸನದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇನೆ. ಒಂದು ಲಕ್ಷದೊಳಗೆ ಕೊಡಿಸಲು ಮನೆಯಲ್ಲಿ ಒಪ್ಪಿದ್ದಾರೆ. ವ್ಯಾಲೊರಂಟ್ ಮತ್ತು ಜಿಟಿಎ 5 ಆಡಬೇಕು, ಕಾಲೇಜಿನ ಕೆಲಸವೂ ಆಗಬೇಕು. ಅಂಗಡಿಯವರು ಐ9 ಪ್ರೊಸೆಸರ್ ಇರುವುದನ್ನೇ ಕೊಳ್ಳಿ ಎನ್ನುತ್ತಿದ್ದಾರೆ. ನನಗೆ ಇದರ ಗಂಧಗಾಳಿಯಿಲ್ಲ.

ಮೈಸೂರಿನಿಂದ:
ಐ9 ಆಸೆ ಬಿಡಿ. ಈ ಹಣಕ್ಕೆ ಐ9 ಕೊಡುತ್ತಾರೆಂದರೆ ಗ್ರಾಫಿಕ್ಸ್‌ಗೋ ಪರದೆಗೋ ಕತ್ತರಿ ಬಿದ್ದಿರುತ್ತದೆ. ಹೆಚ್ಚು ಶಕ್ತಿಯ ಎಚ್ ಅಥವಾ ಎಚ್‌ಎಕ್ಸ್ ಸರಣಿಯ ಐ5, ಇಲ್ಲವೇ ರೈಜೆನ್ 7 ಧಾರಾಳವಾಗಿ ಸಾಕು. ಮೊದಲು ಗ್ರಾಫಿಕ್ಸ್ ಚಿಪ್ ನೋಡಿ. ಆರ್‌ಟಿಎಕ್ಸ್ 4050ರಲ್ಲಿ 6 ಜಿಬಿ ಮೆಮೊರಿ, 4060ರಲ್ಲಿ 8 ಜಿಬಿ. ಆದರೆ ಹೆಸರೊಂದನ್ನೇ ನಂಬಬೇಡಿ. ಲ್ಯಾಪ್‌ಟಾಪಿನ 4060ಕ್ಕೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ನಿಗದಿ ಮಾಡಬಹುದು. ತೆಳ್ಳಗೆ ಚೆಂದ ಕಾಣುವ ಯಂತ್ರಗಳಲ್ಲಿ ಈ ವ್ಯಾಟ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಹೆಸರು ಒಂದೇ, ಓಟ ಬೇರೆ. ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರ ತೆರೆದು ‘ಟಿಜಿಪಿ’ (ಗ್ರಾಫಿಕ್ಸ್‌ಗೆ ನಿಗದಿಯಾದ ವ್ಯಾಟ್) ಎಂದಿರುವ ಅಂಕಿ ಹುಡುಕಿ. ಅಂಗಡಿಯಲ್ಲಿ ಕೇಳಿದರೆ ಬಹುತೇಕರಿಗೆ ಗೊತ್ತಿರುವುದಿಲ್ಲ.

ಹುಬ್ಬಳ್ಳಿಯಿಂದ:
ಮೇಲಿನವರ ಮಾತು ಸರಿ, ಆದರೆ ನೀವು ಹೇಳಿದ ಆಟಗಳಿಗೆ 4060 ಬೇಕೇ ಬೇಕೆಂದಿಲ್ಲ. ವ್ಯಾಲೊರಂಟ್ ಗ್ರಾಫಿಕ್ಸ್‌ಗಿಂತ ಪ್ರೊಸೆಸರ್ ಮೇಲೆ ಭಾರ ಹಾಕುವ ಆಟ. ಜಿಟಿಎ 5 ಕಂಪ್ಯೂಟರಿಗೆ ಬಂದದ್ದೇ 2015ರಲ್ಲಿ. 4050 ಎರಡನ್ನೂ ಆರಾಮವಾಗಿ ಆಡಿಸುತ್ತದೆ. ಉಳಿದ ದುಡ್ಡನ್ನು ಪರದೆಗೆ ಹಾಕಿ ಎನ್ನುತ್ತೇನೆ. ಪರದೆಯ ಬಣ್ಣಗಳ ಅಳತೆ ‘45% ಎನ್‌ಟಿಎಸ್‌ಸಿ’ ಎಂದು ಬರೆದಿದ್ದರೆ ಮುಟ್ಟಬೇಡಿ, ಬಣ್ಣವೆಲ್ಲ ಮಾಸಿದಂತಿರುತ್ತದೆ. ‘100% ಎಸ್‌ಆರ್‌ಜಿಬಿ’ ಇರಲಿ, 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವುದು) ಸಾಕು. ಇನ್ನೊಂದು ವಿಷಯ: ವಿಂಡೋಸ್ ಇಲ್ಲದ ಅಗ್ಗದ ಮಾದರಿ ತಂದು ಲಿನಕ್ಸ್ ಹಾಕಿಕೊಳ್ಳುವ ಯೋಚನೆಯಿದ್ದರೆ ಕೈಬಿಡಿ. ವ್ಯಾಲೊರಂಟ್‌ನ ಮೋಸ ತಡೆಯುವ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ.

ಬೆಂಗಳೂರಿನಿಂದ:
ರ‍್ಯಾಮ್ 16 ಜಿಬಿ ಇರಲಿ. ಒಂದೇ ಕಡ್ಡಿಯಲ್ಲಿದೆಯೋ ಎರಡರಲ್ಲಿದೆಯೋ ಕೇಳಿ. ಎರಡಿದ್ದರೆ ಆಟ ಹೆಚ್ಚು ಸರಾಗ. ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮ್ ಆದರೆ ಮುಂದೆ ಬದಲಿಸಲಾಗದು. ಪ್ರೊಸೆಸರ್, ಗ್ರಾಫಿಕ್ಸ್ ಅಂತೂ ಬೆಸೆದೇ ಬರುತ್ತವೆ. ಆಟ, ಕಡತ ಉಳಿಸುವ ಎಸ್‌ಎಸ್‌ಡಿ 512 ಜಿಬಿ ಇದ್ದರೂ ಚಿಂತೆಯಿಲ್ಲ, ಎಸ್‌ಎಸ್‌ಡಿ ಕೂರಿಸುವ ಇನ್ನೊಂದು ಎಂ.2 ಜಾಗ ಖಾಲಿಯಿದ್ದರೆ ಆಮೇಲೆ ಸೇರಿಸಬಹುದು.

ಶಿವಮೊಗ್ಗದಿಂದ:
ನಾನು ಆಡುವವಳಲ್ಲ, ಮಗನಿಗೆ ಕೊಡಿಸಿದವಳು. ಯಾರೂ ಹೇಳದ್ದನ್ನು ಹೇಳುತ್ತೇನೆ. ಚಾರ್ಜರ್ ಎತ್ತಿ ನೋಡಪ್ಪ. ಅದರ ಭಾರವನ್ನೂ ದಿನವೂ ಬಸ್ಸಿನಲ್ಲಿ ಹೊರಬೇಕು. ಅವನು ಆಡಲು ಕೂತರೆ ಫ್ಯಾನ್ ಸದ್ದು ಪಕ್ಕದ ಕೋಣೆಗೂ ಬರುತ್ತದೆ, ಈ ಹೊತ್ತಿನಲ್ಲಿ ಮಿಕ್ಸಿ ಯಾರು ಹಾಕಿದರು ಎಂದು ನಮ್ಮತ್ತೆ ಕೇಳಿದ್ದುಂಟು. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿ ಇನ್ನೂ ಬಿಸಿ. ಕರೆಂಟು ಹೋದಾಗ ಬ್ಯಾಟರಿಯಲ್ಲಿ ಆಡುತ್ತೇನೆಂದುಕೊಳ್ಳಬೇಡ, ವೇಗ ಅರ್ಧಕ್ಕರ್ಧ ಇಳಿಯುತ್ತದೆ.

ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. 4050, ಒಳ್ಳೆಯ ಪರದೆ ಎಂದು ಹೆಚ್ಚುಕಡಿಮೆ ತೀರ್ಮಾನಿಸಿದೆ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗುವುದೋ, ಆನ್‌ಲೈನ್ ತರಿಸುವುದೋ?

ಬೆಂಗಳೂರಿನಿಂದ:
ಎಲ್ಲಿಯಾದರೂ ಸರಿ, ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್, ಡಬ್ಬಿ, ಯಂತ್ರದ ಅಡಿ, ಮೂರರಲ್ಲೂ ಸೀರಿಯಲ್ ಸಂಖ್ಯೆ ಒಂದೇ ಇರಬೇಕು. ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನಿಂದ ಶುರುವಾಗಿದೆ ಎಂಬುದು ಕಾಣುತ್ತದೆ. ದುರಸ್ತಿಗೆ ಮನೆಗೇ ಬರುತ್ತಾರೋ, ನೀವೇ ಹೊತ್ತು ಹೋಗಬೇಕೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿ.