ಸಹಾಯ ಬೇಕು: ಅಂತರಗಂಗೆಯಲ್ಲಿ ಸೇರಿರುವ ಪೋಷಕಾಂಶವನ್ನು ಅಳೆಯುವ ಕ್ರಮ
ಸದಸ್ಯರೆಲ್ಲರಿಗೂ ನಮಸ್ಕಾರ. ಸಿದ್ದಾಪುರದ ಸಮೀಪ ಕಾವೇರಿ ದಡದ ತಗ್ಗಿನಲ್ಲಿರುವ ನಮ್ಮ ಗದ್ದೆಗಳು ಮಳೆಗಾಲದಲ್ಲಿ ಮುಳುಗುತ್ತವೆ. ಆಗ ಪಕ್ಕದ ಕೆರೆಯ ನೀರಿನ ಮೇಲೆ ಬೆಳೆಯುವ ಅಂತರಗಂಗೆ ಮತ್ತು ಸಾಲ್ವಿನಿಯಾ ಎಂಬ ಕಳೆಗಿಡಗಳು ಗದ್ದೆಯವರೆಗೂ ತೇಲಿ ಬಂದು, ನೀರಿಳಿದ ಮೇಲೆ ಅಲ್ಲಿಯೇ ಒಣಗುತ್ತವೆ. ಈ ಗಿಡಗಳು ಮಣ್ಣಿನಲ್ಲಿ ಬೇರೂರದೆ ನೀರಿನಿಂದಲೇ ಸಾರಜನಕ, ರಂಜಕ, ಪೊಟ್ಯಾಷಿಯಂ ಹೀರಿಕೊಳ್ಳುವುದರಿಂದ, ಮೇಲಿನ ಕಾಫಿ ತೋಟಗಳಿಂದ ಕೊಚ್ಚಿ ಬಂದ ಗೊಬ್ಬರದ ಒಂದು ಪಾಲು ಅವುಗಳಲ್ಲಿ ಸೇರಿರಬೇಕೆಂಬುದು ನನ್ನ ಊಹೆ.

ಬ್ರೆಜಿಲ್‌ನ ಪಂಟನಾಲ್‌ನಂತಹ, ವರ್ಷಕ್ಕೊಮ್ಮೆ ನೆರೆ ಏರಿ ಇಳಿಯುವ ಜೌಗು ಪ್ರದೇಶಗಳಲ್ಲಿ ತೇಲುವ ಸಸ್ಯಗಳು ನೆರೆಗಾಲದಲ್ಲಿ ಪೋಷಕಾಂಶಗಳನ್ನು ಹಿಡಿದಿಟ್ಟು, ನೀರಿಳಿದಾಗ ಸತ್ತು ಕೊಳೆತು ಅವನ್ನು ಮರಳಿ ಬಿಟ್ಟುಕೊಡುತ್ತವೆ. ಸತ್ತ ಗಿಡದಿಂದ ಪೊಟ್ಯಾಷಿಯಂ ಬಹುಬೇಗ ತೊಳೆದುಹೋಗುತ್ತದೆ; ಸಾರಜನಕದ ಹೆಚ್ಚಿನ ಪಾಲು ಸೂಕ್ಷ್ಮಜೀವಿಗಳು ಕೊಳೆಯಿಸಿದಂತೆಲ್ಲ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದ್ದರಿಂದ ಗಿಡಗಳನ್ನು ಹಸಿಯಿರುವಾಗಲೇ ತೆಗೆದು ಕಾಂಪೋಸ್ಟ್ ಮಾಡುವುದೇ ಸರಿಯೆಂದು ನನಗೆ ತೋರುತ್ತದೆ.

ಹಸಿ ತೂಕದಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ, ಒಂದು ಚದರ ಮೀಟರ್ ಚೌಕಟ್ಟಿನೊಳಗಿನ ಗಿಡಗಳನ್ನು ಬೇರುಸಹಿತ ತೆಗೆದು, ಒಣಗಿಸಿ ತೂಗಬೇಕೆಂದಿದ್ದೇನೆ. ಬೇರಿಗೆ ಅಂಟಿದ ಕೆಸರನ್ನು ಪೋಷಕಾಂಶ ನಷ್ಟವಾಗದಂತೆ ತೊಳೆಯುವುದು ಹೇಗೆ? ಕೆರೆಯ ನಡುವಿನ ಹಾಗೂ ಅಂಚಿನ ಗಿಡಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕೇ? ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಾಗಲಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಾಗಲಿ ಇಂತಹ ಗಿಡಗಳ ಪರೀಕ್ಷೆಯ ಬಗ್ಗೆ ವಿಚಾರಿಸಿದವರಿದ್ದರೆ, ಮಾದರಿಯನ್ನು ಒಯ್ಯುವ ಕ್ರಮವನ್ನು ದಯವಿಟ್ಟು ತಿಳಿಸಿ. ನೀರು ಇಳಿಯುವ ಮುನ್ನವೇ ಮೊದಲ ಮಾದರಿ ತೆಗೆಯಬೇಕಾಗಿದೆ.